ಮೊಲದ ಬಾಟಲಿ, ಅಟ್ಟದ ಬಾಟಲಿ

ನನ್ನ ಸೊಸೆ ಗಗನ ಒಂದು ಶನಿವಾರ ಬೆಳಿಗ್ಗೆ ನಮ್ಮ ಬಚ್ಚಲಿನ ಫಿನಾಯಿಲು, ಆಸಿಡ್ಡು, ಬ್ಲೀಚಿಂಗ್ ಪೌಡರು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಬಾಗಿಲಾಚೆ ಇಟ್ಟಳು. ನನ್ನನ್ನು ಒಂದು ಮಾತು ಕೇಳಲಿಲ್ಲ. ಮೂವತ್ತೊಂದು ವರ್ಷ ಆ ಬಚ್ಚಲನ್ನು ಆಳಿದವಳು ನಾನು. ರಾಜ್ಯ ಹೋದ ಹಾಗಾಯಿತು.

ಪಿತೃಪಕ್ಷದ ಎಡೆಗೆ ಎಂಟು ದಿನ ಇತ್ತು. ನಮ್ಮನೆಯವರು ಹೋಗಿ ಎಂಟು ತಿಂಗಳು. ಅವರಿಗೆ ಇದು ಮೊದಲನೇ ಎಡೆ. ಸತ್ತವರು ಮನೆಗೆ ಬಂದು ಉಂಡು ಹೋಗುವ ದಿನ ಅದು. ಬರುವವರು ಬೇರೆ ಯಾರೋ ಆಗಿದ್ದರೆ ಗುಡಿಸಿ ಸುಮ್ಮನಾಗುತ್ತಿದ್ದೆ. ಇವರು ಬರುತ್ತಾರೆ ಅಂದರೆ ನೆಲ ಬೆಳ್ಳಗಾಗಬೇಕು.

"ಇವೆಲ್ಲ ವಿಷ ಅತ್ತೆ" ಅಂದಳು ಗಗನ. "ಇನ್ಮೇಲೆ ನಮ್ಮನೇಲಿ ವೀಗನ್ ಸಾಮಾನು."

"ಅಂಗಂದ್ರೆ?"

"ಪ್ರಾಣಿಯಿಂದ ತೆಗೆದಿದ್ದು ಏನೂ ಇರಲ್ಲ. ಕೆಲವು ಸೋಪಿಗೆ ದನದ ಕೊಬ್ಬು ಹಾಕ್ತಾರೆ. ಮೊಲದ ಕಣ್ಣಿಗೆ ಬಿಟ್ಟು ಉರಿಯುತ್ತಾ ಅಂತ ನೋಡ್ತಾರೆ. ಇದರಲ್ಲಿ ಅದೆಲ್ಲ ಇಲ್ಲ."

"ನಿನ್ನೆ ರಾತ್ರಿ ಕೋಳಿ ಸಾರಲ್ಲಿ ಕಾಲು ಯಾರಿಗೆ ಬೇಕು ಅಂತ ಕೇಳ್ದಾಗ ಮೊದ್ಲು ಕೈ ಎತ್ತಿದ್ದು ಯಾರವ್ವ?"

"ತಿನ್ನೋದು ಬೇರೆ ಅತ್ತೆ, ತೊಳೆಯೋದು ಬೇರೆ."

ನಾಲ್ಕನೇ ಕ್ಲಾಸು ಓದಿದವಳು ನಾನು. ಕೋಳಿ ತಿಂದ ತಟ್ಟೆಯನ್ನು ಕೋಳಿಗೆ ನೋವಾಗದ ಸೋಪಿನಲ್ಲಿ ತೊಳೆಯಬೇಕು ಅನ್ನುವುದು ಐದನೇ ಕ್ಲಾಸಿನ ಪಾಠ ಇರಬೇಕು.

ಮಗ ಕುಮಾರನ ಮುಖ ನೋಡಿದೆ. ಅವನು ಪೇಪರಿನಲ್ಲಿ ಮುಖ ಮುಚ್ಚಿಕೊಂಡ. (ಪೇಪರು ಹಿಂದಿನ ದಿನದ್ದು.)

"ನೀವೇ ಬಂದು ಆರಿಸಿ ಅತ್ತೆ. ನಿಮಗೆ ಇಷ್ಟ ಆಗಿದ್ದನ್ನೇ ತರೋಣ" ಅಂದಳು. ಹೋದೆವು. ಅಂಗಡಿ ಇರುವುದು ದಟ್ಟಗಳ್ಳಿಯಲ್ಲಿ. ಕುಂಬಾರಕೊಪ್ಪಲಿನಿಂದ ಊರು ದಾಟಿ ಹೋಗಬೇಕು. ದಾರಿಯಲ್ಲೇ ಆ ಅಪಾರ್ಟ್‌ಮೆಂಟು ಸಿಗುತ್ತದೆ. ನಮ್ಮನೆಯವರು ಆರು ವರ್ಷ ವಾಚ್‌ಮನ್ ಆಗಿದ್ದ ಗೇಟು. ಆಟೋದಲ್ಲಿ ನಾನು ಆಚೆ ಕಡೆಗೆ ತಿರುಗಿ ಕೂತೆ. ಆಚೆ ಕಡೆ ಒಂದು ಟೈರ್ ಅಂಗಡಿ ಇತ್ತು. ಅಲ್ಲಿದ್ದ ಟೈರುಗಳನ್ನೆಲ್ಲ ನೋಡಿದೆ.

ಅಂಗಡಿಯ ಹುಡುಗನ ಹೆಸರು ಬೀರೇಶ್. ಮೂರು ಬಾಟಲಿ ಮುಂದಿಟ್ಟ. ಒಂದರ ಮೇಲೆ ಎಲೆ, ಒಂದರ ಮೇಲೆ ಭೂಮಿ, ಒಂದರ ಮೇಲೆ ಓಡುತ್ತಿರುವ ಮೊಲ.

"ಇದರಲ್ಲಿ ನೆಲ ಒರೆಸಿದ ನೀರನ್ನ ಗಿಡಕ್ಕೂ ಹಾಕಬಹುದು ಆಂಟಿ" ಅಂದ.

"ನಂಗೆ ತೊಳೀಬೇಕಾಗಿರೋದು ನೆಲ ಕಣಪ್ಪ, ಗಿಡ ಅಲ್ಲ."

ಮೂರರ ಮುಚ್ಚಳವನ್ನೂ ತೆಗೆದು ಮೂಸಿದೆ. ಯಾವುದಕ್ಕೂ ವಾಸನೆ ಇಲ್ಲ. ವಾಸನೆ ಇಲ್ಲದಿದ್ದರೆ ಒರೆಸಿದ್ದು ಗೊತ್ತಾಗುವುದು ಹೇಗೆ ಎಂದು ಕೇಳಿದೆ. ಹುಡುಗ ಸೊಸೆಯ ಕಡೆ ನೋಡಿದ. ಸೊಸೆ ಮೊಲವನ್ನು ಎತ್ತಿಕೊಂಡಳು. ನಾನು ಆರಿಸಿದ್ದು ಹೀಗೆ.

ಭಾನುವಾರ ಹಜಾರ ಒರೆಸಿದೆ. ಒರೆಸುವ ಮುಂಚೆ ಹೇಗಿತ್ತೋ ಹಾಗೇ ಇತ್ತು, ಒದ್ದೆ ಆಗಿತ್ತು ಅಷ್ಟೆ. ಅವರು ಕೂರುತ್ತಿದ್ದ ಕುರ್ಚಿಯ ಪಕ್ಕ ಒಂದು ಕಲೆ ಇದೆ. ದಿನಾ ಕಾಫಿ ಲೋಟ ಇಡುತ್ತಿದ್ದ ಜಾಗ. ಗುಂಡಗೆ, ಕಂದು ಬಣ್ಣ. ಬದುಕಿದ್ದಾಗ ಆ ಕಲೆಗಾಗಿ ವಾರಕ್ಕೊಂದು ಸಲ ಜಗಳ. ಬ್ಲೀಚಿಂಗ್ ಪೌಡರು ಹಾಕಿ ಉಜ್ಜುತ್ತಿದ್ದೆ. ಅಂಗೈ ಸುಲಿದು ಬೆರಳ ಸಂದಿಯಲ್ಲಿ ರಕ್ತ ಬರುತ್ತಿತ್ತು. ಅವರು ನನ್ನ ಕೈ ನೋಡುತ್ತಿದ್ದರು. ಮಾರನೇ ದಿನ ಲೋಟ ಮತ್ತೆ ಅಲ್ಲೇ.

ಮೊಲ ಆ ಕಲೆಯನ್ನು ಮುಟ್ಟಲೇ ಇಲ್ಲ.

"ನಿನ್ ಮೊಲ ನೋಡವ್ವ, ಕಲೆ ಸುತ್ತ ಓಡಾಡ್ಕೊಂಡು ಬಂತು."

"ಒಂದೇ ಸಲಕ್ಕೆ ಹೋಗಲ್ಲ ಅತ್ತೆ."

"ಏಳು ದಿನದಲ್ಲಿ ನಿಮ್ಮಾವ ಬತ್ತಾರೆ. ಅವರಿಗೂ ಅಂಗೇ ಹೇಳು."

ಅವಳು ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ಅದು ಅವಳ ಸ್ವಭಾವ ಅಲ್ಲ. ನಾನು ಆಗಲೇ ಕೇಳಬೇಕಿತ್ತು.

ಮಂಗಳವಾರ ಅವರಿಬ್ಬರೂ ಕೆಲಸಕ್ಕೆ ಹೋದಮೇಲೆ ಅಟ್ಟ ಒರೆಸೋಣ ಅಂತ ಏಣಿ ಹಾಕಿದೆ. (ಅಟ್ಟ ಅಂದರೆ ಅಡುಗೆಮನೆ ಗೋಡೆಗೆ ಅಂಟಿದ ಕಾಂಕ್ರೀಟಿನ ಹಲಗೆ. ಹಳೇ ಹಂಡೆ, ಮದುವೆಯ ಪಾತ್ರೆ, ಉಪಯೋಗಕ್ಕೆ ಬಾರದ ಎಲ್ಲವೂ ಅಲ್ಲಿ ವಾಸ.) ಹಂಡೆಯ ಹಿಂದೆ ಅವರ ಖಾಕಿ ಶರ್ಟು ಸಿಕ್ಕಿತು. ಅದನ್ನು ಎಳೆದೆ. ಕೆಳಗೆ ಮೂರು ಪ್ಲಾಸ್ಟಿಕ್ ಬಾಟಲಿ.

ಒಳಗೆ ಕಂದು ನೀರು. ಒಂದೊಂದರ ಮುಚ್ಚಳಕ್ಕೂ ಅಂಟಿಸಿದ ಚೀಟಿ, ಅವರದೇ ಅಕ್ಷರ. ತಾರೀಕು, ಅದರ ಕೆಳಗೆ "ಮೂರು ತಿಂಗಳು ಬಿಡಬೇಕು". ಒಂದು ಮುಚ್ಚಳ ತಿರುಗಿಸಿದೆ. ಟುಸ್ ಅಂತು. ಬೆಲ್ಲ, ಮೂಸಂಬಿ, ಹುಳಿ ಹೆಂಡ ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು.

ನಾನು ಏಣಿಯ ಮೇಲೇ ಕೂತೆ.

ಹೇಳಿಬಿಡುತ್ತೇನೆ. ನಮ್ಮನೆಯವರು ಕುಡಿಯುತ್ತಿದ್ದರು. ಐದು ವರ್ಷದ ಹಿಂದೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು, ಇನ್ನು ಮುಟ್ಟಲ್ಲ ಅಂತ ಆಣೆ ಇಟ್ಟರು. ಮುಟ್ಟಲಿಲ್ಲ. ಹಾಗಂತ ನಾನು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆ. ಪಕ್ಕದ ಮನೆ ಗಿರಿಜಾಂಬಾ ಅವರಿಗೆ ಕಾಂಪೌಂಡಿನ ಮೇಲಿಂದ ದಿನಕ್ಕೆ ಒಂದು ಸಲವಾದರೂ ಹೇಳಿದ್ದೇನೆ. ಬೇರೆಯವರಿಗೆ ಕಾರು, ಸೈಟು ಇತ್ತು. ನನಗೆ ಇದಿತ್ತು.

ಈಗ ಒಂದೊಂದೇ ಜ್ಞಾಪಕಕ್ಕೆ ಬಂತು. ಸಾಯುವುದಕ್ಕೆ ಮುಂಚೆ ದಿನಾ ಸಂಜೆ ಅಟ್ಟ ಹತ್ತುತ್ತಿದ್ದರು. ಯಾಕೆ ಅಂದರೆ "ಇಲಿ ನೋಡ್ತೀನಿ" ಅನ್ನುತ್ತಿದ್ದರು. ಟುಸ್ ಅನ್ನುವ ಸದ್ದು ನಾನೂ ಕೇಳಿದ್ದೆ. ಎಂಥಾ ಇಲಿ ಇದು, ಟುಸ್ ಅನ್ನುತ್ತದೆ ಅಂದುಕೊಂಡಿದ್ದೆ.

ಫೋಟೋದ ಮುಂದೆ ನಿಂತು ಕೇಳಿದೆ. "ಮನೇಲೇ ಬಟ್ಟಿ ಇಳಿಸ್ತಿದ್ರ?"

ಫೋಟೋದಲ್ಲಿ ಅವರು ನಗುತ್ತಿದ್ದರು. ಅದು ಆಧಾರ್ ಕಾರ್ಡಿಗೆ ತೆಗೆಸಿದ ಫೋಟೋ, ನಗಬೇಡಿ ಅಂದರೂ ನಕ್ಕಿದ್ದರು. ನಾಲ್ಕು ದಿನ ಅವರಿಗೆ ಹೂವು ಇಡಲಿಲ್ಲ. ಗಗನ ಯಾಕೆ ಅಂದಳು. ಹೂವು ಸಿಕ್ಕಲಿಲ್ಲ ಅಂದೆ. ಮನೆ ಮುಂದೆ ಕಣಗಿಲೆ ಗಿಡದ ತುಂಬ ಹೂವಿತ್ತು.

ಎಡೆಯ ದಿನ ಬಂತು. ಮುದ್ದೆ, ಕೋಳಿ ಸಾರು, ಮಟನ್ನು, ವಡೆ, ಕಜ್ಜಾಯ, ಒಂದು ಕಟ್ಟು ಬೀಡಿ, ಹೊಸ ಪಂಚೆ. ಹೋದವರಿಗೆ ಏನು ಇಷ್ಟವೋ ಅದನ್ನೆಲ್ಲ ಇಡಬೇಕು. ಕುಡಿಯುತ್ತಿದ್ದವರಿಗೆ ಅದನ್ನೂ ಇಡುತ್ತೇವೆ. ಇಡದಿದ್ದರೆ ಆಸೆ ಉಳಿದುಬಿಡುತ್ತದೆ. ಇವರಿಗೆ ಅದು ಬೇಡ ಅಂತ ನಾನು ತಿಂಗಳ ಹಿಂದೆಯೇ ಎಲ್ಲರಿಗೂ ಹೇಳಿದ್ದೆ.

ಬೆಳಗಿನಿಂದ ಯೋಚನೆ ಮಾಡಿದೆ. ಸಿಟ್ಟಿತ್ತು. ಆದರೂ ಇಷ್ಟು ಕಷ್ಟಪಟ್ಟು, ಕದ್ದು, ಖಾಕಿ ಶರ್ಟಿನಲ್ಲಿ ಮುಚ್ಚಿಟ್ಟಿದ್ದನ್ನು ಪೂರ್ತಿ ಕುಡಿಯದೆ ಹೋದರಲ್ಲ. ಆ ಆಸೆ ಹಿಡಿದುಕೊಂಡು ಎಲ್ಲಿ ಅಲೆಯುತ್ತಾರೆ? ಒಂದು ಬಾಟಲಿ ಕೆಳಗಿಳಿಸಿದೆ. ತೆಳು ಬಟ್ಟೆಯಲ್ಲಿ ಸೋಸಿದೆ. ತಳದಲ್ಲಿ ಮೂಸಂಬಿ ಸಿಪ್ಪೆ ಇತ್ತು. ಶೋಕಿಗೇನು ಕಮ್ಮಿ ಇಲ್ಲ ಅಂದುಕೊಂಡೆ. ಅವರ ಕಾಫಿ ಲೋಟದ ತುಂಬ ಹಾಕಿ ಎಡೆಯ ಪಕ್ಕ ಇಟ್ಟೆ.

ನಮ್ಮ ಭಾವ ಮೂಗಯ್ಯನವರು, ಅಂದರೆ ನಮ್ಮನೆಯವರ ಅಣ್ಣ, ಕೆಸರೆಯಿಂದ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದಿದ್ದರು. ಲೋಟ ನೋಡಿದರು.

"ಏನವ್ವ ಇದು? ನೀನೇ ಬೇಡ ಅಂದಿದ್ದೆ?"

ಹದಿನಾಲ್ಕು ಜನ ನೆಂಟರು. ಮುಚ್ಚಿಡುವುದು ನನಗೆ ಬರುವುದಿಲ್ಲ. "ನಿಮ್ ತಮ್ಮ ಬುಟ್ಟಿರ್ಲಿಲ್ಲ ಭಾವ. ಮನೇಲೇ ಮಾಡಿ ಅಟ್ಟದ ಮೇಲೆ ಬಚ್ಚಿಟ್ಕೊಂಡಿದ್ರು. ಐದು ವರ್ಷ ನನ್ ಕಣ್ಣಿಗೆ ಮಣ್ಣೆರಚಿದ್ರು. ಇಟ್ಟಿದೀನಿ, ಕುಡ್ಕೊಂಡು ಹೋಗ್ಲಿ."

ಕುಮಾರ ನೆಲ ನೋಡಿದ. ಗಗನ ಹಿತ್ತಿಲಲ್ಲಿ ಬಾಳೆ ಎಲೆ ತೊಳೆಯುತ್ತಿದ್ದಳು, ಕೇಳಿಸಲಿಲ್ಲ. ಭಾವನವರಿಗೆ ಮಾತ್ರ ಮುಖ ಅರಳಿತು. ಅವರು ಬೆಟ್ಟಕ್ಕೆ ಹೋಗಿ ಆಣೆ ಇಟ್ಟವರಲ್ಲ. ಐದು ವರ್ಷದಿಂದ ತಮ್ಮನನ್ನು ನೋಡಿ ಕಲಿಯಿರಿ ಅಂತ ಹೆಂಡತಿ ಕೈಯಲ್ಲಿ ಅನ್ನಿಸಿಕೊಂಡವರು.

ಪೂಜೆ ಆಯಿತು. ಕೋಣೆಯ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಂತೆವು. ಹಿರಿಯರು ಉಣ್ಣುವಾಗ ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು. ತಟ್ಟಿದೆ. ಲೋಟದಲ್ಲಿ ಒಂದು ಹನಿಯೂ ಕಮ್ಮಿ ಆಗಿರಲಿಲ್ಲ. ಅದು ಯಾವ ವರ್ಷವೂ ಯಾರಿಗೂ ಕಮ್ಮಿ ಆಗುವುದಿಲ್ಲ. ಆದರೂ ನೋಡಿದೆ.

ಎಡೆಯ ಲೋಟ ಮನೆಯ ಹಿರಿಯ ಗಂಡಸಿಗೆ ಸೇರಬೇಕು. ಪದ್ಧತಿ. ಭಾವನವರು ಪದ್ಧತಿ ಬಿಡುವವರಲ್ಲ. ಎರಡು ಕೈಯಲ್ಲೂ ಹಿಡಿದು, ಕಣ್ಣಿಗೊತ್ತಿಕೊಂಡು, ಒಂದೇ ಗುಟುಕಿಗೆ ಇಳಿಸಿದರು. ಆಮೇಲೆ ಸ್ವಲ್ಪ ಹೊತ್ತು ಗೋಡೆ ನೋಡಿದರು. ಕಣ್ಣಲ್ಲಿ ನೀರು ಬಂತು.

"ಎಂಗದೆ ಭಾವ?"

"ಸರಕು ಜೋರಾಗದೆ" ಅಂದರು. "ಹುಳಿ ಒಂಚೂರು ಮುಂದು. ಆದ್ರೂ ನನ್ ತಮ್ಮ ಕೆಲಸಗಾರ ಕಣಮ್ಮ. ಗಂಟಲಿಂದ ಹೊಟ್ಟೆವರ್ಗೂ ಉಜ್ಕೊಂಡು ಹೋಯ್ತು."

ಅಷ್ಟರಲ್ಲಿ ಗಗನ ಎಲೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಕಟ್ಟೆಯ ಮೇಲಿದ್ದ ಬಾಟಲಿ, ಚೀಟಿ, ಸೋಸಿದ ಬಟ್ಟೆ ನೋಡಿದಳು. ಎಲೆ ಕೈಯಿಂದ ಜಾರಿತು.

"ಅತ್ತೆ, ಇದು ಎಲ್ಲಿ ಸಿಕ್ತು?"

"ಅಟ್ಟದ ಮೇಲೆ. ನಿಮ್ಮಾವಂದು."

"ಗೊತ್ತು ಅತ್ತೆ. ನಾನೇ ಸಿಪ್ಪೆ ಕೂಡಿಸಿ ಕೊಟ್ಟಿದ್ದು. ಇದು ನೆಲ ಒರೆಸೋದು."

"ಏನಂದೆ?"

"ನೆಲ ಒರೆಸೋದು. ಸಿಪ್ಪೆ, ಬೆಲ್ಲ, ನೀರು ಹಾಕಿ ಮೂರು ತಿಂಗಳು ಕೊಳೆಸಬೇಕು. ಮೊದಲ ತಿಂಗಳು ಗಾಳಿ ಹೋಗೋಕೆ ದಿನಾ ಮುಚ್ಚಳ ತೆಗೀಬೇಕು. ಅಪಾರ್ಟ್‌ಮೆಂಟಿನ ಹೆಂಗಸರು ಮಾಡೋದು ನೋಡಿ ಮಾವ ಕಲಿತಿದ್ರು. ನಿಮ್ ಕೈ ಸುಲಿಯುತ್ತೆ ಅಂತ. ಆಗೋವರೆಗೂ ಹೇಳಬೇಡ, ಬೆಲ್ಲ ದಂಡ ಅಂತ ಬಯ್ತಾಳೆ ಅಂದಿದ್ರು."

"ಎಂಟು ತಿಂಗಳು ಯಾಕ್ ಹೇಳ್ಲಿಲ್ಲ?"

"ಮಾವ ಹೋದ್ಮೇಲೆ ಎಲ್ಲಾ ಕಡೆ ಹುಡುಕಿದೆ, ಸಿಗಲಿಲ್ಲ. ಕೇಳಿದ್ರೆ ಅಳ್ತೀರ ಅಂತ ಸುಮ್ಮನಾದೆ. ಅದಕ್ಕೇ ಅಂಗಡಿಯದು ತಂದೆ." ಆಮೇಲೆ ಬಟ್ಟೆ ನೋಡಿ ಕೇಳಿದಳು. "ಇದನ್ನ ಯಾಕೆ ಸೋಸಿದ್ರಿ?"

ನಾನು ಭಾವನವರ ಕಡೆ ನೋಡಿದೆ. ಅವರು ಖಾಲಿ ಲೋಟವನ್ನು ನೋಡಿದರು. ಆಮೇಲೆ ಬಚ್ಚಲ ಬಾಗಿಲನ್ನು ನೋಡಿದರು.

"ಇದ್ರಲ್ಲಿ ಪ್ರಾಣಿದು ಏನಾದ್ರೂ ಅದಾ ಮಗ?" ಅಂತ ಕೇಳಿದರು. (ಪಿತೃಪಕ್ಷದ ದಿನ ಮಟನ್ನಿನ ಜೊತೆ ಎರಡು ಮುದ್ದೆ ನುಂಗಲು ಬಂದವರು.)

"ಇಲ್ಲ ದೊಡ್ಡಮಾವ. ಪೂರ್ತಿ ವೀಗನ್."

"ಸದ್ಯ" ಅಂದು ಎದ್ದರು. ಅಲ್ಲಿಂದ ಸಂಜೆವರೆಗೆ ಏಳು ಸಲ ಎದ್ದರು. ಕುಮಾರ ಡಾಕ್ಟರಿಗೆ ಫೋನ್ ಮಾಡಿದ. ನೀರು, ಮಜ್ಜಿಗೆ ಕೊಡಿ, ಏನೂ ಆಗಲ್ಲ ಅಂದರಂತೆ. ಏನೂ ಆಗಲಿಲ್ಲ. ಮಟನ್ನು ಮಾತ್ರ ಅವರ ಪಾಲಿಗೆ ಬರಲಿಲ್ಲ. ಅದಕ್ಕೆ ಅವರು ನನ್ನನ್ನು ಇನ್ನೂ ಕ್ಷಮಿಸಿಲ್ಲ.

ನನ್ನ ಕಥೆ ಹೇಳುತ್ತೇನೆ. ಹದಿನಾಲ್ಕು ಜನರ ಮುಂದೆ, ಎಡೆಯ ಮುಂದೆ, ಆಣೆ ಮುರಿಯದ ಗಂಡನನ್ನು ಕಳ್ಳ ಅಂದವಳು ನಾನು. ಅವರು ಬಂದಿದ್ದರೆ ಕೇಳಿಸಿಕೊಂಡೇ ಹೋಗಿರುತ್ತಾರೆ. ನೆಂಟರಿಗೆಲ್ಲ ಒಬ್ಬೊಬ್ಬರಿಗೂ ಹೇಳಿದೆ, ಅದು ಹೆಂಡ ಅಲ್ಲ, ಫಿನಾಯಿಲ್ ಜಾತಿಯದು ಅಂತ. ಹೆಂಡ ಇಟ್ಟಿದ್ದಕ್ಕಿಂತ ಅದು ದೊಡ್ಡ ತಪ್ಪಾಗಿ ಕಂಡಿತು ಅವರಿಗೆ. ಗಂಡನ ಎಡೆಗೆ ಫಿನಾಯಿಲ್ ಇಟ್ಟ ಹೆಂಗಸು ಅಂತ ಕೆಸರೆಯಲ್ಲಿ ಈಗ ನನಗೆ ಹೆಸರಿದೆ.

ಎಲ್ಲರೂ ಹೋದ ಮೇಲೆ ಬಾಟಲಿಯಲ್ಲಿ ಉಳಿದಿದ್ದನ್ನು ನೀರಿಗೆ ಹಾಕಿ ಹಜಾರ ಒರೆಸಿದೆ. ಕೈ ಉರಿಯಲಿಲ್ಲ. ಮನೆಯೆಲ್ಲ ಮೂಸಂಬಿ ವಾಸನೆ. ಕುರ್ಚಿಯ ಪಕ್ಕದ ಕಲೆಯನ್ನು ಒಂದು ಸಲ ಉಜ್ಜಿದೆ. ಅರ್ಧ ಹೋಯಿತು. ಅಲ್ಲಿಗೆ ನಿಲ್ಲಿಸಿದೆ. ಗಗನ ಬಂದು ನೋಡಿದಳು.

"ಇನ್ನೊಂದು ಸಲ ಉಜ್ಜಿದ್ರೆ ಪೂರ್ತಿ ಹೋಗುತ್ತೆ ಅತ್ತೆ."

"ಅದು ಅಲ್ಲೇ ಇರ್ಲಿ ಬುಡು. ನೀನು ಮೂಸಂಬಿ ತಗೊಂಡು ಬಾ."

ಮಾರನೇ ದಿನ ಹೂವು ಇಟ್ಟೆ, ನಾಲ್ಕು ದಿನದ ಬಾಕಿಯನ್ನೂ ಸೇರಿಸಿ. ಫೋಟೋದಲ್ಲಿ ಮುಖ ಕಾಣದಷ್ಟಾಯಿತು. ಆಮೇಲೆ ಅವರ ಹಾಗೇ ಸಿಪ್ಪೆ, ಬೆಲ್ಲ, ನೀರು ಹಾಕಿ ನಾಲ್ಕು ಬಾಟಲಿ ತುಂಬಿಸಿ, ಚೀಟಿ ಅಂಟಿಸಿ, ಖಾಕಿ ಶರ್ಟು ಮುಚ್ಚಿ ಅಟ್ಟದ ಮೇಲೆ ಇಟ್ಟೆ. ಮೊಲದ ಬಾಟಲಿ ಗಿಡದ ಹತ್ತಿರ ಇದೆ.

ದಿನಾ ಸಂಜೆ ಏಣಿ ಹತ್ತುತ್ತೇನೆ. ಮುಚ್ಚಳ ತಿರುಗಿಸುತ್ತೇನೆ, ಟುಸ್ ಅನ್ನುತ್ತದೆ. ಬಗ್ಗಿ ಮೂಸುತ್ತೇನೆ. ಇಳಿಯುವಾಗ ಮಂಡಿ ನೋವಿಗೆ ಕಾಲು ಸ್ವಲ್ಪ ತಡವರಿಸುತ್ತದೆ. ನಮ್ಮ ಅಡುಗೆಮನೆ ಕಿಟಕಿ ಗಿರಿಜಾಂಬಾ ಅವರ ಹಿತ್ತಿಲಿಗೆ ತೆರೆದಿದೆ. ಅವರ ಮನೆಯಲ್ಲಿ ಬೆಳ್ಳುಳ್ಳಿಯೂ ತಿನ್ನುವುದಿಲ್ಲ, ಮೂಗು ಬಹಳ ಚುರುಕು. ನಾಲ್ಕು ದಿನದಿಂದ ಅವರು ನನ್ನನ್ನು ಬಹಳ ಕನಿಕರದಿಂದ ನೋಡುತ್ತಿದ್ದರು. ಐದನೇ ದಿನ ಕಾಂಪೌಂಡಿನ ಹತ್ತಿರ ಬಂದು ಧ್ವನಿ ತಗ್ಗಿಸಿದರು.

"ಚಾಮುಂಡಮ್ಮ, ತಪ್ಪು ತಿಳ್ಕೋಬೇಡಿ. ಒಂಟಿತನ ಕಷ್ಟ, ನಂಗೂ ಗೊತ್ತು. ಸಂಜೆ ಸಂಜೆ ಅಟ್ಟದ ಮೇಲೆ ಅದೇನು ಮಾಡ್ತೀರಿ?"

ಪೂರ್ತಿ ಹೇಳಬೇಕು ಅಂದರೆ ಎಡೆಯಿಂದ ಶುರು ಮಾಡಬೇಕು. ಬಾಯಿಗೆ ಬಂದಿದ್ದನ್ನು ಹೇಳಿದೆ.

"ಇಲಿ ನೋಡ್ತೀನಿ ಕಣ್ರೀ" ಅಂದೆ.