ಬಾಯಿ ತೆರೆದ ಸಭಿಕರು

"ಈ ಸಲ ನೋಡ್ತಾ ಇರು, ಇಡೀ ಮಂಡಳಿ ಎದ್ದು ನಿಲ್ಲಬೇಕು, ಹಾಗೆ ಮಾತಾಡ್ತೀನಿ," ಎಂದು ಹಲ್ಲಿನ ಡಾಕ್ಟರು ಹೆಂಡತಿಯ ಮುಂದೆ ಘೋಷಿಸಿದರು.

"ಹೋದ ಸಲವೂ ಎದ್ದು ನಿಂತಿದ್ರಲ್ಲ," ಎಂದರು ಆಕೆ, ಬಟ್ಟೆ ಮಡಿಸುತ್ತಾ. "ನಿಮಗೆ ನೀರು ಚಿಮುಕಿಸೋಕೆ."

ಸಂಗತಿ ಇಷ್ಟು. ಶಾಲೆಯಲ್ಲಿ ತಿಂಗಳಿಗೊಂದು ದಿನ ಮಕ್ಕಳ ಹಲ್ಲು ನೋಡಲು ಒಂದು ಕೋಣೆ ಸಿಗಬೇಕೆಂಬುದು ಡಾಕ್ಟರ ಬಹುದಿನದ ಆಸೆ. ಏಳೆಂಟು ವರ್ಷದ ಮಕ್ಕಳು ಕೆನ್ನೆ ಊದಿಸಿಕೊಂಡು, ಎಲ್ಲ ಕೈಮೀರಿದ ಮೇಲೆ ತಮ್ಮಲ್ಲಿಗೆ ಬರುವುದನ್ನು ಕಂಡು ಕಂಡು ಅವರಿಗೆ ಸಾಕಾಗಿತ್ತು. ಹೋದ ವರ್ಷ ಶಾಲೆಯ ಆಡಳಿತ ಮಂಡಳಿ ಈ ವಿಷಯ ಮಂಡಿಸಲು ಅವರನ್ನು ಕರೆದಿತ್ತು. ಡಾಕ್ಟರು "ಎಲ್ಲರಿಗೂ ನಮಸ್ಕಾರ" ಎಂದರು. ಅಲ್ಲಿಗೆ ಭಾಷಣ ಮುಗಿಯಿತು, ಡಾಕ್ಟರು ಕುಸಿದರು. ಈಗ ಮತ್ತೆ ಕರೆ ಬಂದಿತ್ತು. ಈ ಸಲವೂ ಕೆಟ್ಟರೆ ಮೂರನೆಯ ಕರೆ ಬರುವುದಿಲ್ಲವೆಂದು ಪತ್ರದಲ್ಲಿ ಬರೆದಿರಲಿಲ್ಲ, ಆದರೆ ಪತ್ರದ ಧಾಟಿ ಹಾಗೇ ಇತ್ತು.

ಹದಿನಾರು ಪುಟ ಬರೆದದ್ದಾಯಿತು. ಇನ್ನು ಅಭ್ಯಾಸ. ಕನ್ನಡಿಯ ಮುಂದೆ ನಿಂತರೆ ಸ್ವಂತ ಹಲ್ಲು ಕಾಣುತ್ತಿತ್ತು. ಎರಡನೆಯ ವಾಕ್ಯಕ್ಕೇ ಭಾಷಣ ಬಿಟ್ಟು ಮೇಲಿನ ಸಾಲನ್ನು ಪರೀಕ್ಷಿಸತೊಡಗುತ್ತಿದ್ದರು. ಹೆಂಡತಿಯ ಮುಂದೆ ನಿಂತರೆ ಆಕೆ ನಡುನಡುವೆ ಬಾಯಿ ಹಾಕುತ್ತಿದ್ದರು.

"'ದಂತವೇ ದೇಹದ ಹೆಬ್ಬಾಗಿಲು' ಅಂತೀರಲ್ಲ, ಬಾಗಿಲು ಅಂದ್ರೆ ಬಾಯಲ್ವೇನ್ರೀ? ಹಲ್ಲು ಬೇಕಾದ್ರೆ ಚಿಲಕ ಆಗಬಹುದು."

"ನಡುವೆ ಮಾತಾಡಬಾರದು ಕಣೆ. ಸಭಿಕರು ಅಂದಮೇಲೆ ಸುಮ್ಮನೆ ಕೇಳಬೇಕು."

"ಅಂಥೋರು ಎಲ್ಲಿ ಸಿಗ್ತಾರೆ ಈ ಕಾಲದಲ್ಲಿ?"

ಅದಕ್ಕೆ ಉತ್ತರ ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ತಾನಾಗಿ ದವಾಖಾನೆಯೊಳಗೆ ನಡೆದು ಬಂದು, ಕುರ್ಚಿಯಲ್ಲಿ ಒರಗಿ, ಬಾಯಿ ತೆರೆಯಿತು. ಬಂದವನು ಪಕ್ಕದ ಬೀದಿಯ ಬಡಗಿ. ದವಡೆಯ ಹಲ್ಲಿನಲ್ಲಿ ಸಣ್ಣ ಹುಳುಕು, ಹತ್ತು ನಿಮಿಷದ ಕೆಲಸ. ಡಾಕ್ಟರು ಅವನ ಬಾಯಿಗೆ ಹತ್ತಿ ತುರುಕಿದರು. ಆ ಕ್ಷಣದಲ್ಲಿ ಅವರಿಗೆ ಜ್ಞಾನೋದಯವಾಯಿತು. ಎದುರಾಡದ, ಎದ್ದು ಹೋಗದ, ಮುಖ ಅತ್ತಿತ್ತ ತಿರುಗಿಸದ ಸಭಿಕನನ್ನು ಇಪ್ಪತ್ತು ವರ್ಷದಿಂದ ಕೈಯಲ್ಲಿಟ್ಟುಕೊಂಡು ತಾವು ಎಲ್ಲೆಲ್ಲೋ ಹುಡುಕುತ್ತಿದ್ದರಲ್ಲ! "ಎಲ್ಲರಿಗೂ ನಮಸ್ಕಾರ," ಎಂದು ಶುರುಮಾಡಿದರು.

ಹಲ್ಲು ತುಂಬುವ ಕೆಲಸ ಒಂಬತ್ತನೆಯ ಪುಟಕ್ಕೇ ಮುಗಿದುಹೋಯಿತು. ನಡುವೆ ನಿಲ್ಲಿಸಿದರೆ ಅಭ್ಯಾಸ ಕೆಡುತ್ತದೆಂದು ಡಾಕ್ಟರು ಇನ್ನೆರಡು ಹತ್ತಿಯುಂಡೆ ಇಟ್ಟು, "ಸ್ವಲ್ಪ ಒಣಗಲಿ," ಎಂದು ಹತ್ತನೆಯ ಪುಟಕ್ಕೆ ದಾಟಿದರು. ಬಡಗಿ "ಆಂ... ಊಂ..." ಎಂದ. ಮೆಚ್ಚುಗೆಯಿರಬೇಕು. ಕೈಯೆತ್ತಿ ಬಾಗಿಲ ಕಡೆ ತೋರಿಸಿದ. ಹೊರಗಿನವರಿಗೂ ಕೇಳಿಸಲಿ ಎನ್ನುತ್ತಿದ್ದಾನೆಂದು ಡಾಕ್ಟರು ದನಿ ಏರಿಸಿದರು. ಹದಿಮೂರನೆಯ ಪುಟದಲ್ಲಿ ಬಡಗಿಯ ಕಣ್ಣಿನಿಂದ ನೀರೇ ಇಳಿಯಿತು. ಭಾಷಣ ಮುಗಿದು ಬಾಯಿ ಖಾಲಿಯಾದದ್ದೇ ತಡ, ಅವನು ಚಪ್ಪಲಿಯನ್ನೂ ಮೆಟ್ಟದೆ ಓಡಿದ.

"ನೋಡಿದ್ಯಾ, ಅತ್ತೇಬಿಟ್ಟ," ಎಂದರು ಡಾಕ್ಟರು, ಹೊರಕೋಣೆಯಲ್ಲಿ ರೋಗಿಗಳ ಸರದಿ ನೋಡಿಕೊಳ್ಳುತ್ತಿದ್ದ ಹೆಂಡತಿಗೆ.

"ಒಲೆ ಮೇಲೆ ಅಂಟು ಕಾಯೋಕಿಟ್ಟು ಬಂದಿದ್ದನಂತೆ ರೀ, ಹತ್ತು ನಿಮಿಷ ಅಂತ. ಅವನು ಅತ್ತಿದ್ದು ಅಂಟಿಗೆ."

ಡಾಕ್ಟರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ತಿಂಗಳು ಎಡೆಬಿಡದೆ ಅಭ್ಯಾಸ ನಡೆಯಿತು. ದನಿಗೆ ಗಾಂಭೀರ್ಯ ಬಂತು, ಬೆನ್ನು ನೆಟ್ಟಗಾಯಿತು. ಹೊರಗಿನ ಬೆಂಚು ಮಾತ್ರ ದಿನದಿಂದ ದಿನಕ್ಕೆ ತೆರವಾಗುತ್ತ ಬಂತು.

"ಜನ ಫೋನ್ ಮಾಡಿ ಏನು ಕೇಳ್ತಾರೆ ಗೊತ್ತೇನ್ರೀ? ಭಾಷಣ ಇಲ್ಲದ ಹೊತ್ತು ಯಾವುದು ಅಂತ."

"ಅಂದ್ರೆ ಭಾಷಣದ ಸುದ್ದಿ ಹಬ್ಬಿದೆ ಅಂತಾಯ್ತು," ಎಂದು ಡಾಕ್ಟರು ಹಿಗ್ಗಿದರು.

ಸಭೆಯ ದಿನ ಬಂತು. ಉದ್ದನೆಯ ಕೋಣೆಯಲ್ಲಿ ಹದಿನಾಲ್ಕು ಜನ. ಒಬ್ಬರು ಕನ್ನಡಕ ಒರೆಸುತ್ತಿದ್ದರು, ಇನ್ನೊಬ್ಬರು ಗಡಿಯಾರ ನೋಡಿದರು, ಮೂಲೆಯಲ್ಲಿ ಇಬ್ಬರು ಪಿಸುಗುಟ್ಟುತ್ತಿದ್ದರು. ಎದ್ದು ಹೋಗಬಲ್ಲ ಸಭಿಕರನ್ನು ಡಾಕ್ಟರು ತಿಂಗಳಿಂದ ಕಂಡಿರಲಿಲ್ಲ. "ಎಲ್ಲರಿಗೂ ನಮಸ್ಕಾರ," ಎಂದರು. ಮುಂದಿನದು ಬರಲಿಲ್ಲ. ಹದಿನಾರು ಪುಟಗಳೂ ತಲೆಯಿಂದ ಜಾರಿಹೋದವು. ಕೈಯಲ್ಲಿದ್ದ ಕಾಗದದ ಅಕ್ಷರಗಳು ಇರುವೆಯ ಸಾಲಿನಂತೆ ಕಂಡವು. ಮಕ್ಕಳ ಊದಿದ ಕೆನ್ನೆಗಳು ಕಣ್ಣ ಮುಂದೆ ಸುಳಿದವು. ಮಾಡಿಟ್ಟ ಮಾತು ಕೈಕೊಟ್ಟಿತು; ಇಪ್ಪತ್ತು ವರ್ಷದ ರೂಢಿ ತಾನಾಗಿ ನಾಲಿಗೆಗೆ ಬಂತು.

"ಸ್ವಲ್ಪ ಬಾಯಿ ತೆರೀರಿ," ಎಂದರು ಡಾಕ್ಟರು.

ಆ ದನಿಯನ್ನು ಮೀರುವವರು ಲೋಕದಲ್ಲಿ ಕಡಿಮೆ. ಮೊದಲು ಮುಂದಿನ ಸಾಲು ತೆರೆಯಿತು. ಅದನ್ನು ನೋಡಿ ಹಿಂದಿನ ಸಾಲು. ಕಡೆಗೆ ಅಧ್ಯಕ್ಷೆಯೂ.

ಇಷ್ಟು ಬಾಯಿ ಒಟ್ಟಿಗೆ ಕಂಡ ಮೇಲೆ ಡಾಕ್ಟರಿಗೆ ಹೆದರಲು ಪುರುಸೊತ್ತಿರಲಿಲ್ಲ. ಕಾಗದಗಳನ್ನು ಮೇಜಿನ ಮೇಲೆ ಬಿಟ್ಟು ಕೆಳಗಿಳಿದರು. ಕೊನೆಯ ಕುರ್ಚಿಯಲ್ಲಿದ್ದ ಹೆಂಡತಿ ಎದ್ದು ಬಂದು ಚೀಲದಿಂದ ಟಾರ್ಚು ತೆಗೆದು ಕೊಟ್ಟರು.

"ಇದು ಎಷ್ಟು ದಿನದಿಂದ?" ಎಂದು ಡಾಕ್ಟರು ಮಂಡಳಿಯ ಕಾರ್ಯದರ್ಶಿಯ ಹುಳುಕು ಹಲ್ಲಿಗೆ ಬೆಳಕು ಬಿಟ್ಟು ಕೇಳಿದರು. ಅಲ್ಲಿ ಹತ್ತಿ ಇರಲಿಲ್ಲ. ಆದ್ದರಿಂದ ಉತ್ತರ ಬಂತು.

"ಎರಡು ತಿಂಗಳಾಯ್ತು ಡಾಕ್ಟ್ರೇ. ಬರೋಕೆ ಹೆದರಿಕೆ."

"ಯಾವ ಕಡೆ ಅಗೀತೀರಿ?"

"ಎಡಕ್ಕೆ ಮಾತ್ರ."

"ಮಕ್ಕಳೂ ಹೀಗೇ ನೋಡಿ. ನೋವು ಹೇಳೋದಿಲ್ಲ, ಒಂದೇ ಕಡೆ ಅಗಿಯೋದು ಕಲೀತಾರೆ. ಮನೇಲಿ ಯಾರಿಗೂ ಗೊತ್ತಾಗೋದೇ ಇಲ್ಲ."

ಕನ್ನಡಕದವರು ತಮ್ಮ ಮೊಮ್ಮಗಳ ವಿಷಯ ಹೇಳಿದರು. ಅಧ್ಯಕ್ಷೆ, ತಾವು ಶಾಲೆಯ ಒಂದು ಫೋಟೋದಲ್ಲೂ ತುಟಿ ತೆರೆದು ನಕ್ಕಿಲ್ಲವೆಂದು ಮೆಲ್ಲಗೆ ಹೇಳಿದರು. ಡಾಕ್ಟರು ಟಾರ್ಚು ಆರಿಸಿ ಪಕ್ಕದಲ್ಲಿ ಕುಳಿತು ಕೇಳಿದರು. ಅರ್ಧ ಗಂಟೆಯಲ್ಲಿ ಅವರು ಆಡಿದ ಮಾತು ಒಂದು ಪುಟವೂ ಆಗಲಿಕ್ಕಿಲ್ಲ. ವಾಚನಾಲಯದ ಪಕ್ಕದ, ಎರಡು ಕಿಟಕಿಯ, ಬೆಳಕು ಚೆನ್ನಾಗಿರುವ ಕೋಣೆ ಮಂಜೂರಾಯಿತು. ಚಪ್ಪಾಳೆ ತಟ್ಟಲು ಯಾರಿಗೂ ನೆನಪಾಗಲಿಲ್ಲ, ಡಾಕ್ಟರಿಗೂ ಆಗಲಿಲ್ಲ.

ಹೊರಡುವಾಗ ಅಧ್ಯಕ್ಷೆ ಮೇಜಿನ ಮೇಲಿದ್ದ ಕಾಗದಗಳನ್ನು ಎತ್ತಿಕೊಂಡರು.

"ಇದೇನು?"

"ನನ್ನ ಭಾಷಣ. ಓದೋಕೆ ಆಗಲೇ ಇಲ್ಲ," ಎಂದರು ಡಾಕ್ಟರು, ಒಳಗೊಳಗೇ ಸ್ವಲ್ಪ ಆಸೆಯಿಂದ.

ಅಧ್ಯಕ್ಷೆ ನಿಂತಲ್ಲೇ ಎರಡು ಪುಟ ಓದಿದರು. ಮೂರನೆಯದನ್ನು ತಿರುವಲಿಲ್ಲ. ಕಾಗದಗಳನ್ನು ಜೋಡಿಸಿ, ಬಹಳ ಮರ್ಯಾದೆಯಿಂದ ಡಾಕ್ಟರ ಕೈಗಿತ್ತರು.

"ಒಂದೇ ಒಂದು ಕೋರಿಕೆ, ಡಾಕ್ಟ್ರೇ. ಶಾಲೆಗೆ ಬರುವಾಗ ಇದನ್ನ ತರಬೇಡಿ. ಮಕ್ಕಳು ಪಾಪ, ಬಾಯಿ ತೆರೆದುಕೊಂಡಿರ್ತಾರೆ, ಬೇಡ ಅನ್ನೋಕೂ ಆಗೋದಿಲ್ಲ."