ಕಾರ್ ಜಾಗದಾಗೊಬ್ಬ ಕಾರ್ಯಕರ್ತ

ಹೊಸಪೇಟೆಯ ನಮ್ಮ ಅಪಾರ್ಟ್‌ಮೆಂಟ್ ಸಂಘ ನನಗಿನ್ನೂ ಹತ್ತಡಿ ಅಗಲ, ಹದಿನಾರಡಿ ಉದ್ದದ ಕಾರ್ ಜಾಗ ಬಾಕಿ ಉಳಿಸಿಕೊಂಡಿದೆ. ಬಿಡುವವನಲ್ಲ ನಾನು! ಕಾಲುವೆ ನೀರಿಗೆ, ಗಣಿ ಧೂಳಿಗೆ, ಕಬ್ಬಿನ ದರಕ್ಕೆ ನಲವತ್ತು ವರ್ಷ ರಸ್ತೆಯಲ್ಲಿ ಕೂತ ಕುಂಡಿ ಇದು. ಹೈವೇಯನ್ನೇ ನಿಲ್ಲಿಸಿದವನಿಗೆ ಒಂದು ಕಾರು ನಿಲ್ಲಿಸುವ ಜಾಗ ಯಾವ ಲೆಕ್ಕ?

ತೊಡಕೆಂದರೆ, ನಮಗೆ ಕಾರಿಲ್ಲ. ಅಲ್ಲಿ ನಿಲ್ಲುವುದು ಹೆಂಡತಿ ಚಂದ್ರಕಲಾಳ ಬ್ಯಾಟರಿ ಸ್ಕೂಟರು. ಚಾರ್ಜಿಂಗ್ ಪಾಯಿಂಟೂ ಅಲ್ಲಿನ ಕಂಬದಲ್ಲೇ ಇದೆ. ರಾತ್ರಿ ಚಾರ್ಜ್ ಆಗದಿದ್ದರೆ ಬೆಳಿಗ್ಗೆ ಆಕೆ ಕಮಲಾಪುರದ ಶಾಲೆಗೆ ಪಾಠ ಹೇಳಲು ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಬೇಕು. ಸಂಘದ ನಿಯಮವೋ: 'ಕಾರ್ ಜಾಗದಲ್ಲಿ ಕಾರಿಲ್ಲದಿದ್ದರೆ ಅಧ್ಯಕ್ಷರ ವಿವೇಚನೆಗೆ ಬಿಡತಕ್ಕದ್ದು.' ಅಧ್ಯಕ್ಷರು ವೀರೇಶ್, ಕಂಪ್ಲಿಯಲ್ಲಿ ರೈಸ್ ಮಿಲ್ಲು. ಅವರ ವಿವೇಚನೆ ಬಿಳಿ ಬಣ್ಣದ್ದು, ನಾಲ್ಕು ಗಾಲಿ, ಸನ್‌ರೂಫ್ ಸಹಿತ!

ನಾನು ಕೂಗಾಡಿದ ಮೇಲೆ ಕಮಿಟಿ ಮಣಿಯಿತು. ಭಾನುವಾರ ಬಂದು ನೋಡುತ್ತೇವೆ, ಯಾರು ಬಳಸುತ್ತಿದ್ದಾರೋ ಅವರಿಗೇ ಜಾಗ ಎಂದರು. ಆವತ್ತೇ ಸ್ಕೂಟರಿನ ಬ್ರೇಕು ಕೈಕೊಡಬೇಕೇ! ಚಂದ್ರಕಲಾ ಚಿತ್ತವಾಡ್ಗಿಯ ಮೆಕ್ಯಾನಿಕ್ ಹತ್ತಿರ ಹೊರಟಳು.

"ನಾ ಬರೋತನಕ ಇಲ್ಲೇ ಕುಂದ್ರಿ. ಭಾಷಣ ಬ್ಯಾಡ, ಘೋಷಣೆ ಬ್ಯಾಡ. ಬರೇ ಕುಂದ್ರಿ."

"ಲೇ, ಕುಂದ್ರೋದು ನನಗ ಕಲಸ್ತೀಯೇನು? ನನ್ನ ಎಬ್ಬಸಾಕ ನಾಕು ಮಂದಿ ಪೊಲೀಸ್ರು ಬೇಕಾಗ್ತಿದ್ರು!"

"ಗೊತ್ತೈತಿ ಬಿಡ್ರಿ. ದಿನಾ ಹಾಸಿಗಿಯಿಂದ ಎಬ್ಬಸಾಕಿ ನಾನ ಅಲ್ಲೇನು!"

ಜಮಖಾನ ಹಾಸಿದೆ. ಹಸಿರು ಶಾಲು ಹೆಗಲಿಗೇರಿಸಿದೆ. ಕೂತೆ. ವೀರೇಶ್ ಬಂದರು.

"ಯಜಮಾನ್ರ, ಇದು ಗಾಡಿ ನಿಲ್ಸೋ ಜಾಗ."

ಬೀಡಿ ಹಚ್ಚಿದೆ. "ಹೊಗಿ ಬರಾಕತ್ತೈತಿ, ಕಾಣವಲ್ದೇನ್ರಿ? ಗಾಡಿ ಚಾಲೂ ಐತಿ!"

ಅಧ್ಯಕ್ಷರು ಕೆಮ್ಮುತ್ತಾ ನಡೆದರು. ಇನ್ನೇನು ಗೆದ್ದೆ ಅನ್ನುವಾಗ ಗೇಟಿನೊಳಗೆ ಒಂದು ವ್ಯಾನು ನುಗ್ಗಿ, ನನ್ನ ಮುಂದೆಯೇ ನಿಂತು ಬಾಗಿಲು ತೆರೆಯಿತು. ಒಳಗೆ ಖಾಕಿ!

ಇಲ್ಲೊಂದು ಮಾತು ಹೇಳಬೇಕು. ಚಳವಳಿಯವರಿಗೆ ವ್ಯಾನ್ ಬಂತೆಂದರೆ ಅರೆಸ್ಟು. ಅರೆಸ್ಟೆಂದರೆ ಕಲ್ಯಾಣಮಂಟಪದಲ್ಲಿ ಕೂಡಿಹಾಕುವುದು, ಉಪ್ಪಿಟ್ಟು, ಸಂಜೆಗೆ ಬಿಡುಗಡೆ. ವಯಸ್ಸಾದ ಮೇಲೆ ಪೊಲೀಸರಿಗೂ ನಮ್ಮನ್ನು ಎತ್ತಲಾಗದು, ನಮಗೂ ಎತ್ತಿಸಿಕೊಳ್ಳಲಾಗದು. ಹಾಗಾಗಿ ನಾವೇ ಹತ್ತಿಬಿಡುವ ರೂಢಿ. ತಲೆಯನ್ನು ಕೇಳದೆ ಕಾಲುಗಳು ಎದ್ದವು. ಮುಷ್ಟಿ ಎತ್ತಿ "ಬೇಕೇ ಬೇಕು!" ಎಂದು ಕೂಗುತ್ತಾ ಹತ್ತಿದೆ.

"ನ್ಯಾಯ ಬೇಕು!" ಒಳಗಿದ್ದವರು ತೂಕಡಿಸುತ್ತಲೇ ಕೂಗಿದರು. ಆಹಾ, ಎಂಥ ಜನಬೆಂಬಲ! ವ್ಯಾನ್ ಹೊರಟಿತು.

ಗಾದಿಗನೂರು ದಾಟಿದರೂ ಕಲ್ಯಾಣಮಂಟಪ ಬರಲಿಲ್ಲ.

"ಉಪ್ಪಿಟ್ಟು ಎಲ್ಲಿ ಕೊಡ್ತೀರಪಾ?"

"ಕ್ಯಾಂಟೀನ್ಯಾಗರಿ," ಅಂದ ಡ್ರೈವರ್ ಹೊನ್ನೂರುಸ್ವಾಮಿ. "ನಿಮ್ದು ಗೇಟ್ ಪಾಸ್ ಐತಲ್ಲ?"

ಅದು ಕುರೆಕುಪ್ಪದ ಕಡೆಯ ಕಾರ್ಖಾನೆಯ ಶಿಫ್ಟ್ ವ್ಯಾನು! ಖಾಕಿಯವರು ಅಲ್ಲಿನ ಸೆಕ್ಯುರಿಟಿಗಳು. ಬಂದದ್ದು ನಮ್ಮ ಮೂರನೇ ಮಹಡಿಯ ಲಿಂಗರಾಜನನ್ನು ಕರೆಯಲು. ಒಬ್ಬ ಹತ್ತಬೇಕಿತ್ತು, ಒಬ್ಬ ಹತ್ತಿದ. ಡ್ರೈವರನ ಲೆಕ್ಕ ಸರಿಹೋಗಿತ್ತು. ಅಷ್ಟರಲ್ಲಿ ಫೋನು.

"ಎಲ್ಲಿದ್ದೀರಿ?" ಚಂದ್ರಕಲಾ.

"ಅರೆಸ್ಟ್ ಆಗೀನಿ!"

"ಯಾರು ಹಿಡದ್ರು?"

"ಯಾರೂ ಹಿಡೀಲಿಲ್ಲ. ನಾನ ಹತ್ತೀನಿ."

"ಚಲೋ ಆತು. ಇಲ್ಲಿ ವೀರೇಶಣ್ಣಾರ ಕಾರು ನಿಂತೈತಿ. ಕಮಿಟಿ ಬಂದು ನೋಡಿ ಅವರಿಗೇ ಬರದು ಕೊಟ್ಟು ಹೋತು. ಶಿಫ್ಟ್ ತಪ್ಪಿದ ಸಿಟ್ಟಿಗೆ ಲಿಂಗರಾಜನೂ ಅವರ ಕಡಿಗೇ ಸಾಕ್ಷಿ ಹೇಳಿದ."

"ಹೆದರಬ್ಯಾಡ, ಮುಂದಿನ ಹೋರಾಟ..."

"ಏನ್ ಹೋರಾಟರಿ! ನಾಳಿಂದ ಬಸ್ಸಿನ್ಯಾಗ ಜೋತಾಡಾಕಿ ನಾನು. ನಾಕು ಮಂದಿ ಪೊಲೀಸ್ರು ಬೇಕಂದ್ರಿ! ಬಾಗ್ಲ ತಗದ್ರ ಸಾಕಾತಲ್ಲ!"

ಮೇಲ್ಮನವಿ ಕೊಟ್ಟಿದ್ದೇನೆ. ಬರುವ ಭಾನುವಾರ ಕಮಿಟಿ ಮತ್ತೊಮ್ಮೆ ನೋಡಲು ಬರುತ್ತದೆ. ಸ್ಕೂಟರು ಇನ್ನೂ ಮೆಕ್ಯಾನಿಕ್ ಹತ್ತಿರವೇ ಇದೆ, ವೀರೇಶರ ಕಾರು ಹೊರಹೋದೊಡನೆ ಯಾರಾದರೂ ಜಾಗ ಹಿಡಿದು ಕೂರಬೇಕು. ನನ್ನನ್ನು ಕೂರಿಸಲು ಚಂದ್ರಕಲಾ ಸುತಾರಾಂ ಒಪ್ಪುತ್ತಿಲ್ಲ. ನನ್ನ ಚಳವಳಿಯ ಸಂಗಾತಿಗಳನ್ನು ಕೂರಿಸುವುದೂ ಆಗದು. ಒಬ್ಬೊಬ್ಬರೂ ಬಾಗಿಲು ಕಂಡರೆ ಹತ್ತುವ ಪೈಕಿಯೇ. ಆದರೆ ನೀವಿದ್ದೀರಲ್ಲ! ನಾವು ಬಿಸಿಲಲ್ಲಿ ಬೇಯುವಾಗ ಬಾಲ್ಕನಿಯಲ್ಲಿ ಚಹಾ ಹೀರುತ್ತಾ ನೋಡಿದವರು. ಜನ್ಮದಲ್ಲಿ ಒಮ್ಮೆಯೂ ಅರೆಸ್ಟ್ ಆಗದವರು. ಈಗ ನನಗೆ ಬೇಕಾದದ್ದು ಅಂಥವರೇ. ಎದ್ದು ಬರ್ರಿ, ಕುಂದ್ರಿ. ಬರ್ತೀರೋ ಇಲ್ಲೋ? ಇವತ್ತೇ ಹೇಳ್ರಿ!