ದೊಡ್ಡಪ್ಪನ ಎರಡನೇ ಮಗಳು ಕೆಟ್ಟುಹೋದದ್ದು

ನಮ್ಮ ದೊಡ್ಡಪ್ಪನಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ಹೊಟ್ಟೆಯಲ್ಲಿ ಹುಟ್ಟಿದವಳು, ಇನ್ನೊಬ್ಬಳು ಟೀವಿಯಲ್ಲಿ ಬರುವವಳು. ಬೆಳಗಿನಿಂದ ಸಂಜೆಯವರೆಗೆ ಅವರ ಬಾಯಲ್ಲಿ ಇರುತ್ತಿದ್ದದ್ದು ಎರಡನೆಯವಳ ಹೆಸರೇ!

ಮೊದಲನೆಯವಳು ಸೌಮ್ಯಕ್ಕ, ಬೆಂಗಳೂರಿನಲ್ಲಿದ್ದಾಳೆ. ದೊಡ್ಡಪ್ಪ ಬೇಡವೆಂದ ಹುಡುಗನನ್ನೇ ಮದುವೆಯಾದಳು. ಆಮೇಲೆ ಆರು ವರ್ಷ ಅಪ್ಪ ಮಗಳ ನಡುವೆ ಮಾತಿಲ್ಲ. ಒಂದು ದಿನ ಇಬ್ಬರೂ ಒಂದೇ ಧಾರಾವಾಹಿ ನೋಡುತ್ತಾರೆಂಬ ಗುಟ್ಟು ಹೇಗೋ ಹೊರಬಿತ್ತು. ಅಂದಿನಿಂದ ಧಾರಾವಾಹಿ ಮುಗಿದ ಕೂಡಲೇ ಸೌಮ್ಯಕ್ಕನ ಫೋನು. ಹತ್ತು ನಿಮಿಷ ಕಥೆಯ ಚರ್ಚೆ, ಆಮೇಲೆ ಕಟ್. "ಹೇಗಿದ್ದೀಯ" ಇಲ್ಲ, "ಊಟ ಆಯ್ತಾ" ಇಲ್ಲ. ಅಳಿಯನ ಸುದ್ದಿಯಂತೂ ಇಲ್ಲವೇ ಇಲ್ಲ. ಧಾರಾವಾಹಿ ನಿಂತರೆ ಇವರಿಬ್ಬರ ಮಾತೂ ನಿಂತಂತೆ ಎಂದು ನಮ್ಮಮ್ಮನಿಗೆ ಸದಾ ದಿಗಿಲು.

ಟೀವಿಯ ಮಗಳು ಮಂದಾಕಿನಿ. ಕಷ್ಟಸಹಿಷ್ಣು ಸೊಸೆ. ದಿನಕ್ಕೆ ಮೂರು ಸಲ ಅಳುತ್ತಾಳೆ, ನಾಲ್ಕು ಸಲ ಕ್ಷಮಿಸುತ್ತಾಳೆ.

ತುಮಕೂರಿನ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ದೊಡ್ಡಪ್ಪ ಎರಡು ತಿಂಗಳಿಗೆಂದು ಡಚ್ಚರ ದೇಶದ ಆಮ್ಸ್ಟೆಲ್‌ವೀನಿನಲ್ಲಿರುವ ನಮ್ಮ ಮನೆಗೆ ಬಂದಿದ್ದರು. ಕೊರೋನಾ ಬಂತು, ವಿಮಾನ ನಿಂತಿತು, ದೊಡ್ಡಪ್ಪ ಉಳಿದರು. ಊರಿನ ಸಂಜೆ ಏಳೂವರೆಯ ಧಾರಾವಾಹಿ ನಮಗೆ ಮಧ್ಯಾಹ್ನ ಮೂರಕ್ಕೆ. ಮಾರ್ಚ್ ಕೊನೆಗೆ ಇಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿದರು ನೋಡಿ, ಅದು ನಾಲ್ಕಕ್ಕೆ ಹೋಯಿತು. "ಮಂದಾಕಿನೀನ ಒಂದು ಗಂಟೆ ಕಾಯ್ಸೋಕೆ ಇವ್ರು ಯಾರೋ?" ಎಂದು ದೊಡ್ಡಪ್ಪ ಡಚ್ ಸರ್ಕಾರದ ಮೇಲೇ ಹರಿಹಾಯ್ದರು. ಅಪ್ಪ ತಲೆ ತಗ್ಗಿಸಿದರು, ಕಾನೂನು ಮಾಡಿದ್ದು ತಾವೇ ಎಂಬಂತೆ!

ನಾಲ್ಕಕ್ಕೆ ಐದು ನಿಮಿಷ ಇರುವಾಗ ದೊಡ್ಡಪ್ಪ ಮುಖ ತೊಳೆದು, ಬನಿಯನ್ನಿನ ಮೇಲೆ ಇಸ್ತ್ರಿ ಅಂಗಿ ಹಾಕುತ್ತಿದ್ದರು.

"ಯಾರಾದ್ರೂ ಬರ್ತಾರಾ ದೊಡ್ಡಪ್ಪ?"

"ಮಂದಾಕಿನಿ ಬರ್ತಾಳಲ್ಲೇ ಪುಟ್ಟಿ. ಹೆಣ್ಮಗಳ ಎದುರಿಗೆ ಬನಿಯನ್ನಲ್ಲಿ ಕೂತ್ಕೊಳ್ಳಕ್ಕಾಗುತ್ತಾ?"

ನಡುವೆ ಶೂಟಿಂಗ್ ನಿಂತು ಹಳೇ ಕಂತುಗಳನ್ನೇ ಮತ್ತೆ ಹಾಕಿದರು. ಸೌಮ್ಯಕ್ಕನ ಫೋನು ಆಗಲೂ ತಪ್ಪಲಿಲ್ಲ. ಮೂರು ವರ್ಷ ಹಿಂದೆಯೇ ಕಳೆದುಹೋಗಿ ಸಿಕ್ಕಿದ್ದ ಮಂದಾಕಿನಿಯ ತಾಳಿ ಸಿಗುತ್ತದೋ ಇಲ್ಲವೋ ಎಂದು ಇಬ್ಬರೂ ಹತ್ತು ನಿಮಿಷ ತಲೆ ಕೆಡಿಸಿಕೊಂಡರು!

ಆಗಲೇ ಇಲ್ಲಿನ ನಮ್ಮ ಕನ್ನಡದವರೆಲ್ಲ ಸೇರಿ ವಿಡಿಯೋ ಕಾಲಿನಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡರು. ಪುರೋಹಿತರು ದೂರದ ಐಂಡ್‌ಹೋವನ್ ಊರಿನಲ್ಲಿ, ನಲವತ್ತು ಕುಟುಂಬಗಳು ಸ್ಕ್ರೀನಿನ ಚೌಕಗಳಲ್ಲಿ. ಸಂಕಲ್ಪಕ್ಕೆ ಪ್ರತಿ ಮನೆಯವರ ಹೆಸರು, ಗೋತ್ರ, ನಕ್ಷತ್ರ ಮೊದಲೇ ಕಳಿಸಬೇಕಿತ್ತು. ನಮ್ಮ ಮನೆಯ ಪಟ್ಟಿ ಕಳಿಸಿದವರು ದೊಡ್ಡಪ್ಪ.

"ಕಾಶ್ಯಪ ಗೋತ್ರ, ರೋಹಿಣಿ ನಕ್ಷತ್ರ, ಮಂದಾಕಿನಿ..." ಎಂದು ಓದಿದ ಪುರೋಹಿತರು ಕನ್ನಡಕ ಮೇಲೇರಿಸಿದರು. "ಉಳಿದವರದ್ದೆಲ್ಲ ಭಾರದ್ವಾಜ ಇದೆ. ಇವ್ರು ನಿಮ್ಗೆ ಏನಾಗ್ಬೇಕು ರಾಯರೇ?"

"ಮಗಳಿದ್ದ ಹಾಗೆ. ಗೋತ್ರ ಗೊತ್ತಿಲ್ದೋರಿಗೆ ಕಾಶ್ಯಪ ಹೇಳ್ಬಹುದಲ್ವಾ?"

"ನಕ್ಷತ್ರ ಗೊತ್ತಾ?"

"ಸೀಮಂತದ ಎಪಿಸೋಡಲ್ಲಿ ಹೇಳಿದ್ರು."

ಮೂವತ್ತೊಂಬತ್ತು ಚೌಕಗಳಲ್ಲಿ ಬಾಯಿ ತೆರೆದವು, ಎಲ್ಲರೂ ಮ್ಯೂಟ್ ಆಗಿದ್ದರಿಂದ ನಗು ಮಾತ್ರ ಕೇಳಲಿಲ್ಲ. ಅಮ್ಮ ಮೆಲ್ಲಗೆ, "ಭಾವ, ಸೌಮ್ಯನ ಹೆಸರು?" ಎಂದಳು. ದೊಡ್ಡಪ್ಪನಿಗೆ ತಕ್ಷಣ ಕಿವುಡು ಬಂತು.

ಶೂಟಿಂಗ್ ಮತ್ತೆ ಶುರುವಾದ ಮೂರನೆಯ ದಿನ ಅನಾಹುತವಾಯಿತು. ಮಂದಾಕಿನಿ ಅತ್ತೆಯ ಮಾತ್ರೆಯನ್ನು ಬದಲಾಯಿಸಿಬಿಟ್ಟಳು! ಬದಲಾಯಿಸಿ ಕ್ಯಾಮೆರಾ ನೋಡಿ ನಕ್ಕಳು!

ದೊಡ್ಡಪ್ಪ ತಕ್ಷಣ ತೀರ್ಪು ಕೊಡಲಿಲ್ಲ. ಕೋರ್ಟಿನಲ್ಲಿ ಇದ್ದವರಲ್ಲವೇ? ಹನ್ನೊಂದು ದಿನ ಸಂಶಯದ ಲಾಭ ಕೊಟ್ಟರು. "ಇವಳು ಅವಳಲ್ಲ, ಅವಳಿ ತಂಗಿ" ಎಂದರು. "ಯಾರೋ ಬ್ಲಾಕ್‌ಮೇಲ್ ಮಾಡ್ತಿದಾರೆ" ಎಂದರು. ಹನ್ನೆರಡನೆಯ ದಿನ ಅವಳು ಮಾವನನ್ನು ಮೆಟ್ಟಿಲಿನಿಂದ ತಳ್ಳಿದಳು. ದೊಡ್ಡಪ್ಪನ ಕೈಯಲ್ಲಿದ್ದ ಚಕ್ಕುಲಿ ಹಾಗೇ ನಿಂತಿತು.

ಇಲ್ಲಿನ ಮನೆಗಳ ಮೆಟ್ಟಿಲು ನಿಮಗೆ ಗೊತ್ತಲ್ಲ? ಏಣಿಗೆ ಕಾರ್ಪೆಟ್ ಹೊದಿಸಿದಂತೆ ಇರುತ್ತವೆ. ಮರುದಿನದಿಂದ ದೊಡ್ಡಪ್ಪ ಎರಡೂ ಕೈಯಲ್ಲಿ ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯತೊಡಗಿದರು. ಮೇಲೆ ನಿಂತಿದ್ದ ಅಮ್ಮನನ್ನೇ ದಿಟ್ಟಿಸಿ ನೋಡುತ್ತಾ!

"ಭಾವ, ನಾನ್ ಯಾಕೆ ತಳ್ಳಲಿ?"

"ಅವಳ ಮೇಲೂ ಯಾರಿಗೂ ಅನುಮಾನ ಇರ್ಲಿಲ್ಲಮ್ಮ."

ದುಃಖ ಹಂಚಿಕೊಳ್ಳಲು ಅವರಿಗೆ ಜನ ಬೇಕಿತ್ತು. ಕೊರೋನಾ ನಿಯಮದ ಒಂದೂವರೆ ಮೀಟರ್ ಆಚೆ, ಬೇಲಿಯ ಹಿಂದೆ, ಪಕ್ಕದ ಮನೆಯ ಡಚ್ ಅಜ್ಜಿ ಸಿಕ್ಕಳು. ದೊಡ್ಡಪ್ಪ ತಮ್ಮ ಇಂಗ್ಲಿಷಿನಲ್ಲಿ ಒಪ್ಪಿಸಿದ್ದು ಇಷ್ಟು: ನನಗೊಬ್ಬಳು ಮಗಳಿದ್ದಳು. ತುಂಬಾ ಒಳ್ಳೆಯವಳು. ದಿನಾ ಬರುತ್ತಿದ್ದಳು. ಈಗ ಅವಳು ಇಲ್ಲ. ಸಂಜೆ ನಮ್ಮ ಬಾಗಿಲಲ್ಲಿ ಬಿಳಿ ಹೂವಿನ ಗೊಂಚಲು, ಜೊತೆಗೆ "ಸ್ಟೆರ್ಕ್ಟೆ" ಎಂದು ಬರೆದ ಕಾರ್ಡು. ಸಾವಾದ ಮನೆಗೆ ಇಲ್ಲಿನವರು ಹೇಳುವ ಧೈರ್ಯದ ಮಾತು ಅದು! ನಾನು ಅರ್ಥ ಹೇಳಿದೆ. ದೊಡ್ಡಪ್ಪ ಸ್ವಲ್ಪವೂ ಗಲಿಬಿಲಿಯಾಗದೆ ಹೂವನ್ನು ಟೀವಿ ಪಕ್ಕದಲ್ಲಿ ಇಟ್ಟು, "ಅರ್ಥ ಮಾಡ್ಕೊಂಡೋಳು ಅವಳೊಬ್ಬಳೇ" ಎಂದರು.

ಮರುದಿನ ಬನಿಯನ್ನಿನಲ್ಲೇ ಬಂದು ಕೂತರು. ನಾಲ್ಕಾಯಿತು. ರಿಮೋಟ್ ಮುಟ್ಟಲಿಲ್ಲ.

"ಇನ್ನು ನಾನು ಅವಳ ಮುಖ ನೋಡಲ್ಲ."

"ಅಣ್ಣ, ಅದು ಬರೀ ಧಾರಾವಾಹಿ," ಎಂದರು ಅಪ್ಪ.

"ಬರೀ ಧಾರಾವಾಹಿ ಅಂತ ನನಗೂ ಗೊತ್ತು ಕಣೋ. ಕೆಟ್ಟೋಳು ಮೊದಲಿಂದ ಕೆಟ್ಟೋಳಾಗಿದ್ರೆ ತಡ್ಕೊಬಹುದು. ನಂಬಿಸಿ ಯಾಕೆ ಕೆಡ್ಬೇಕು?"

"ಹಾಗಾದ್ರೆ ಸೌಮ್ಯ ಫೋನ್ ಮಾಡಿದ್ರೆ?" ಅಮ್ಮ ಕೇಳಿಯೇಬಿಟ್ಟಳು. "ಏನ್ ಮಾತಾಡ್ತೀರಿ?"

ದೊಡ್ಡಪ್ಪ ಕಿಟಕಿ ಕಡೆ ತಿರುಗಿದರು. ಅದನ್ನು ಅವರು ಯೋಚಿಸಿರಲೇ ಇಲ್ಲ ಎಂದು ಮುಖದಲ್ಲೇ ಕಾಣುತ್ತಿತ್ತು. ನಾಲ್ಕೂವರೆಗೆ ಫೋನು ಬಂತು. ಅವರು ಯಾವಾಗಲೂ ಸ್ಪೀಕರ್ ಹಾಕುವವರು, ನಾನು ಹೋಮ್‌ವರ್ಕಿನ ನಾಟಕ ಮಾಡುತ್ತಾ ಕೇಳುವವಳು.

"ಅಪ್ಪ, ನೋಡಿದ್ರಾ ಇವತ್ತು?"

"ಇಲ್ಲ. ಬಿಟ್ಬಿಟ್ಟೆ."

"ಓ."

ಅಡುಗೆಮನೆಯಲ್ಲಿ ಅಮ್ಮ ಮಿಕ್ಸಿ ನಿಲ್ಲಿಸಿದಳು.

"ಸರಿ ಅಪ್ಪ... ಇಡ್ಲಾ ಹಾಗಾದ್ರೆ?"

"ಇರು." ದೊಡ್ಡಪ್ಪ ಅಂಗಿಯಿಲ್ಲದ ಎದೆಯ ಮೇಲೆ ಗುಂಡಿ ಹುಡುಕುವಂತೆ ಕೈಯಾಡಿಸಿದರು. "ನಾಲ್ಕು ದಿನದಿಂದ ಕೇಳಿಸ್ತಿದೆ. ನೀನು ಮಾತಾಡೋವಾಗ ಹಿಂದೆ ಯಾರೋ ಕೆಮ್ತಾರಲ್ಲ... ಅಳಿಯಂದ್ರಾ?"

ಆ ಪದ ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಆ ಕಡೆ ಸೌಮ್ಯಕ್ಕನ ದನಿ ಚಿಕ್ಕ ಹುಡುಗಿಯದಾಗಿತ್ತು.

"ಹೂಂ ಅಪ್ಪ. ಟೆಸ್ಟ್ ಮಾಡ್ಸಿದೀವಿ, ರಿಸಲ್ಟ್ ಬಂದಿಲ್ಲ. ತುಂಬಾ ಭಯ ಆಗ್ತಿದೆ. ಯಾರಿಗೆ ಹೇಳೋದು ಗೊತ್ತಾಗ್ಲಿಲ್ಲ."

"ನಂಗೆ ಹೇಳಿದ್ಯಲ್ಲ, ಆಯ್ತು. ಎಚ್ಚರ ಇದಾರಾ? ಫೋನ್ ಅವ್ರ ಹತ್ರ ಇಡು."

ಅಲ್ಲಿ ಏನೋ ಸರಿದಾಡಿದ ಸದ್ದು, ಆಮೇಲೆ ಒಂದು ಕೆಮ್ಮು. ದೊಡ್ಡಪ್ಪ ಸ್ಪೀಕರ್ ಆಫ್ ಮಾಡಿ, ಫೋನನ್ನು ಕಿವಿಗೆ ಒತ್ತಿಕೊಂಡು ಎದ್ದು ನಿಂತರು.

"ನಮಸ್ಕಾರ," ಎಂದರು. "ನಾನು... ಸೌಮ್ಯ ಅವ್ರ ತಂದೆ ಮಾತಾಡ್ತಿರೋದು."